ಪಿನ್ನು ಚುಚ್ಚಿದ ಚೂರು

ಹೊಲಿಗೆ ಅಂಗಡಿಯ ಹಿಂಬದಿ ಕೋಣೆ,
ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬಂದರಿನ ಕ್ರೇನಿನಲ್ಲಿ ಕೂತು ಕೂತು ಹಿಡಿದಿದ್ದ ಬೆನ್ನುನೋವು ಇಳಿಯಿತೇ? ನಿನ್ನ ಮಗಳು ಗುಬ್ಬಿ ಗುಂಡುಕಲ್ಲಿನ ಹಾಗಿದ್ದಾಳೆ. ಹೊಲಿಗೆ ಯಂತ್ರದ ಕಾಲು ಹಿಡಿದು ಎದ್ದು ನಿಲ್ಲುತ್ತಾಳೆ, ಬೀಳುತ್ತಾಳೆ, ನಮ್ಮನ್ನೇ ಬೈಯುತ್ತಾಳೆ.

ಇಲ್ಲೊಂದು ಜಗಳ ನಡೆದಿತ್ತು. ಮೊದಲ ಲಸಿಕೆ ಹಾಕಿಸಿದಾಗ ಗುಬ್ಬಿಗೆ ಜ್ವರ ಬಂದು ಕಂಕುಳಲ್ಲಿ ಸಣ್ಣ ಗಂಟು ಕಾಣಿಸಿತ್ತಲ್ಲ, ಅಂದಿನಿಂದ ಅಮ್ಮ ಎರಡನೆಯದಕ್ಕೆ ಸುತರಾಂ ಒಪ್ಪಿರಲಿಲ್ಲ. ನಾನು ಲಸಿಕೆಯ ಕಿರುಹೊತ್ತಗೆಗಳನ್ನೆಲ್ಲ ಹರಡಿಕೊಂಡು ಭಾಷಣ ಮಾಡಿದೆ. ಅಜ್ಞಾನವೇ ಜನರ ಮೊದಲ ಶತ್ರು ಎಂದೆ. "ಶತ್ರು ಆಮೇಲೆ ಬರ್ಲಿ, ಮೊದ್ಲು ಆ ತೋಳಿನ ಹೊಲಿಗೆ ಬಿಚ್ಚು" ಎಂದಳು ಅಮ್ಮ.

ನಿನ್ನೆ ನೀಲಿ ಕೋಟಿಗೆ ದಾರ ತರಲು ಹೊರಟೆ. ತಲೆಯಲ್ಲಿ ಭಾಷಣವೇ ಓಡುತ್ತಿದ್ದುದರಿಂದ, ನೆಲದಲ್ಲಿ ಬಿದ್ದಿದ್ದ ಯಾವುದೋ ನೀಲಿ ಚೂರನ್ನು ಎತ್ತಿಕೊಂಡು ಹೋದೆ. ದಾರದಂಗಡಿಯ ತಾತನಿಗೆ ನಮ್ಮ ಮನೆಯ ಪದ್ಧತಿ ಬಾಯಿಪಾಠ: ಅಮ್ಮ ಕೆಂಪು ತಲೆಯ ಪಿನ್ನು ಚುಚ್ಚಿ ಕಳಿಸಿದ ಚೂರಿಗೆ ಮಾತ್ರ ದಾರ. "ಪಿನ್ನೆಲ್ಲಿ? ನಿಮ್ಮಂಗಡಿ ಕಸಕ್ಕೆಲ್ಲ ದಾರ ಹುಡುಕ್ತಾ ಕೂರ್ಲಾ?" ಎಂದು ವಾಪಸ್ ಕಳಿಸಿದರು.

ನಡುಬೀದಿಯಲ್ಲಿ ನಿಂತುಬಿಟ್ಟೆ, ಅಕ್ಕಾ. ಓದಿದ್ದೆಲ್ಲ ಒಮ್ಮೆಲೇ ತಿಳಿಯಿತು. ಓಡಿ ಬಂದು ಅಮ್ಮನಿಗೆ ಹೇಳಿದೆ: ಮೈಯೊಳಗೆ ಕಾವಲಿನ ಜೀವಕೋಶಗಳಿವೆ. ರೋಗಾಣುವಾಗಲಿ ಲಸಿಕೆಯಾಗಲಿ, ಹೊರಗಿನಿಂದ ಬಂದದ್ದನ್ನು ನುಂಗಿ, ಕತ್ತರಿಸಿ, ಒಂದು ಚೂರನ್ನು ಮೈಮೇಲೆ ಸಿಕ್ಕಿಸಿಕೊಂಡು ಕಂಕುಳಲ್ಲಿ ಎಲ್ಲರಿಗೂ ಇರುವ ಸಣ್ಣ ಗಂಟಿಗೆ ಹೋಗುತ್ತವೆ. ಅದೇ ದಾರದಂಗಡಿ. ಅಲ್ಲಿ ರೋಗದೊಡನೆ ಕಾದಾಡುವ ಟಿ ಕೋಶಗಳು ಕಿಕ್ಕಿರಿದಿವೆ. ಒಂದೊಂದಕ್ಕೆ ಒಂದೊಂದು ಬಗೆಯ ಚೂರೇ ಹೊಂದಬೇಕು. ಹೊಂದಿದರೂ ಸಾಲದು, ಅಪಾಯದ ಗುರುತೂ ಜೊತೆಗಿರಬೇಕು, ಪಿನ್ನಿನ ಹಾಗೆ. ಇಲ್ಲದಿದ್ದರೆ ನಮ್ಮ ಮೈಯದೇ ಚೂರಿನ ಮೇಲೂ ದಂಡೆತ್ತಿ ಹೋದಾವು. ಗುರುತು ಕಂಡರೆ ಆ ಒಂದು ಕೋಶ ಸಾವಿರವಾಗುತ್ತದೆ.

ಅಮ್ಮ ಕತ್ತರಿ ಕೆಳಗಿಟ್ಟಳು. "ಹಾಗಾದ್ರೆ ಆ ಗಂಟು ಕಾಯಿಲೆ ಅಲ್ವಾ?" ಅಂಗಡಿ ತುಂಬ ವ್ಯಾಪಾರ, ಅಷ್ಟೇ ಎಂದೆ. ಎರಡನೆಯದು ಯಾಕೆ ಅಂದಳು. ಹೊಂದಿದ ಬಣ್ಣವನ್ನು ಆ ಕೋಶಗಳು ಮರೆಯದ ಹಾಗೆ ಎಂದೆ. ಅವಳು ಕತ್ತರಿ ಮತ್ತೆ ಎತ್ತಿಕೊಂಡು, ಕೋಟಿನ ಅಂಚಿನಿಂದ ಚೂರು ಕತ್ತರಿಸಿ ಪಿನ್ನು ಚುಚ್ಚಿದಳು. "ಮೊದ್ಲು ದಾರ ತಾ."

ಹೊತ್ತಿಗೆ ಸರಿಯಾಗಿ ಉಣ್ಣು. ಗುಬ್ಬಿಯ ಅಂಟಂಟು ಮುತ್ತು ಈ ಹಾಳೆಯ ಮೂಲೆಯಲ್ಲೇ ಇದೆ.

ನಿನ್ನ ತಂಗಿ,
ಭಾಷಣದವಳು

ತಾ.ಕ.: ಸೋಮವಾರ, ಆಸ್ಪತ್ರೆಯ ಬೆಂಚಿನಿಂದ. ಎರಡನೆಯದು ಹಾಕಿಸಿದ್ದಾಯಿತು. ಅಮ್ಮನೇ ಎತ್ತಿಕೊಂಡು ಬಂದಳು. ಗುಬ್ಬಿಯ ಅಳು ಆಗಲೇ ನಿಂತಿದೆ, ಅಮ್ಮನದು ಇನ್ನೂ ನಿಂತಿಲ್ಲ. ಅಳುತ್ತಲೇ ಪಕ್ಕದ ಹೆಂಗಸಿಗೆ ಗಂಟಿನ ಕತೆಯನ್ನೆಲ್ಲ ಹೇಳುತ್ತಿದ್ದಾಳೆ: "ಪಿನ್ನಿಲ್ದೆ ದಾರ ಇಲ್ಲ ಕಣಮ್ಮ, ನಮ್ಮನೇಲಿ ಮೊದ್ಲಿಂದ್ಲೂ ಹೀಗೇ." ನನ್ನ ಹೆಸರೇ ಎತ್ತಿಲ್ಲ. ಲಸಿಕೆ ಹಾಕಿಸದೆಯೇ ಮನೆಗೆ ಹೋಗಲು ಎದ್ದಿದ್ದ ಆ ಹೆಂಗಸು ಮಗುವನ್ನು ಮಡಿಲಿಗೆ ಹಾಕಿಕೊಂಡು ಮತ್ತೆ ಕೂತಿದ್ದಾಳೆ.