ಗೇಟಿನ ಹತ್ರ ಒರೆಸಿದ ವಿಭೂತಿ

ಸದಾಶಿವನಗರ, ತುಮಕೂರು
ಬುಧವಾರ

ಅಜ್ಜೀ,
ಫೋನಲ್ಲಿ ನಿಂಗೆ ಕಿವಿ ಕೇಳ್ಸಲ್ಲ, ಅದಕ್ಕೇ ಕಾರ್ಡು. ಪಕ್ಕದ್ಮನೆ ಕಾವ್ಯನ ಕೈಲಿ ಓದಿಸ್ಕೋ, ಆಮೇಲೆ ಬಯ್ಯಿ.

ಚೇಳೂರಲ್ಲಿ ಬಸ್ಸು ಹತ್ತಿಸ್ತಾ ನೀನು "ಹಣೆ ಖಾಲಿ ಬಿಡ್ಬೇಡ ಕಣ್ಲಾ" ಅಂದಿದ್ದೆ. ರೂಮಲ್ಲಿ ದಿನಾ ವಿಭೂತಿ ಇಟ್ಕೋತೀನಿ. ಆದ್ರೆ ಕ್ರಿಶ್ಚಿಯನ್ ಸ್ಕೂಲು, ಇಂಗ್ಲಿಷ್ ಮೇಷ್ಟ್ರ ಕೆಲಸ ಹೊಸದು, ಯಾಕೆ ಬೇಕು ಅಂತ ಗೇಟಿನ ಹತ್ರ ಕರ್ಚೀಫಲ್ಲಿ ಒರೆಸ್ಕೊಂಡೇ ಒಳಗೆ ಹೋಗ್ತಿದ್ದೆ. ಯಾರೂ ಹೇಳಿರ್ಲಿಲ್ಲ, ನಂದೇ ಬುದ್ಧಿ.

ಇವತ್ತೂ ಒರೆಸ್ಕೊಂಡು ಹೋದ್ರೆ, ಹೆಡ್‌ಮಿಸ್ ಸಿಸ್ಟರು, ಆಯಾ, ನನ್ನ ಒಂಬತ್ತನೇ ಕ್ಲಾಸಿನ ಅರ್ಧ ಮಕ್ಕಳು, ಎಲ್ಲಾರ ಹಣೆ ಮೇಲೂ ಬೂದಿ! ಬೆಳಿಗ್ಗೆ ಚರ್ಚಲ್ಲಿ ಫಾದರ್ ಹಚ್ಚಿದ್ದಂತೆ. ಇವತ್ತು ಅವರಿಗೆ ವಿಭೂತಿ ಬುಧವಾರ. ವಿಭೂತಿ ಅಂತಾನೇ ಅಂದ್ರು ಕಣಜ್ಜಿ. ನಂಗೆ ತಲೆನೇ ಓಡ್ಲಿಲ್ಲ.

ಈ ಮಕ್ಕಳು ಇಂಗ್ಲಿಷಲ್ಲಿ ಬಾಯೇ ಬಿಡಲ್ಲ, ಒಂದಾದ್ರೂ ಪ್ರಶ್ನೆ ಕೇಳ್ರೋ ಅಂತ ತಿಂಗಳಿಂದ ಬಡ್ಕೋತಿದ್ದೆ. ಇವತ್ತು ಹಿಂದಿನ ಬೆಂಚಿನ ಜೆಸಿಂತಾ ಎದ್ದು ನಿಂತು, ಇಂಗ್ಲಿಷಲ್ಲೇ, ಒಂದು ತಪ್ಪಿಲ್ದೆ ಕೇಳಿದ್ಲು: "ಸಾರ್, ನೀವು ದಿನಾ ಗೇಟಿನ ಹತ್ರ ಹಣೆ ಯಾಕೆ ಒರೆಸ್ಕೋತೀರ?"

ವೆರಿ ಗುಡ್, ಕೂತ್ಕೋ ಅಂದೆ. ಬೋರ್ಡಿನ ಕಡೆ ತಿರುಗಿ ಪಾಠ ಬರೆಯೋಕೆ ಶುರು ಮಾಡ್ದೆ.

ಕೂಗಿ ಕೂಗಿ ಗಂಟಲು ಕಟ್ಟಿದೆ, ಮೆಣಸಿನ ಕಷಾಯ ಕುಡೀತಿದೀನಿ, ಗಾಬರಿ ಬೇಡ. ನಾಳೆ ಒರೆಸ್ಲೋ ಬೇಡ್ವೋ ಗೊತ್ತಾಗ್ತಿಲ್ಲ. ಇಟ್ಕೊಂಡು ಹೋದ್ರೆ ಅವರನ್ನ ನೋಡಿ ಇಟ್ಕೊಂಡ ಹಂಗಿರುತ್ತೆ, ಒರೆಸಿದ್ರೆ ಜೆಸಿಂತಾ ನೋಡ್ತಿರ್ತಾಳೆ. ಕರ್ಚೀಫು ಬಕೆಟ್ಟಲ್ಲಿ ನೆನೆಹಾಕೋಕೆ ಹೋಗಿ ವಾಪಸ್ ಎತ್ತಿಟ್ಟೆ ಅಜ್ಜಿ. ನೀನು ಕೊಟ್ಟ ವಿಭೂತಿಯೆಲ್ಲ ಅದರಲ್ಲೇ ಇದೆ.

ರೇಣುಕ