ಗೋಡೆಗೊಂದು ಕಿಂಡಿ

ಇವಳೇ,

ನೀನು ನೋಡದೇ ಹೋದ ನಿನ್ನ ಮೊಮ್ಮಗಳು ಇವತ್ತು ನನ್ನ ಜೀವ ಬಾಯಿಗೆ ತಂದಳು. ನಾನೇ ನಕ್ಷೆ ಹಾಕಿದ ರೈಲು ಮೇಲ್ಸೇತುವೆಯಲ್ಲಿ, ಕೊಡೆ ಮಡಿಸುವಷ್ಟರಲ್ಲಿ ಕೈ ಬಿಡಿಸಿಕೊಂಡು ಓಡಿ, ಗೋಡೆ ಹತ್ತಿ ಬೋರಲು ಮಲಗಿದ್ದಳು. ತಲೆ ಆಚೆ, ಕಾಲು ಈಚೆ, ಕೆಳಗೆ ರೈಲು. ಕೂಗಿದರೆ ಬೆಚ್ಚಿ ಜಾರಿಯಾಳೆಂದು ಉಸಿರು ಬಿಗಿಹಿಡಿದು ಹೋಗಿ ಕಾಲು ಹಿಡಿದೆಳೆದೆ.

"ಯಾಕೆ ಹತ್ತಿದೆ, ಕತ್ತೆ?"

"ರೈಲು ಕಾಣ್ಲಿಲ್ಲ ತಾತ."

ಮಕ್ಕಳೆತ್ತರಕ್ಕೊಂದು ಕಿಂಡಿ ಬಿಡಿ ಎಂದು ಆವತ್ತು ನೀನು ನಕ್ಷೆಯ ಮೇಲೆ ಬೆರಳಿಟ್ಟಿದ್ದೆ. "ಸೇತುವೆ ಇರೋದು ದಾಟೋಕೆ ಕಣೇ, ಇಣುಕೋಕಲ್ಲ" ಎಂದು ನಾನು ನಕ್ಕಿದ್ದೆ.

ಇನ್ನೊಂದು ರೈಲು ಬಂತು. ಅವಳ ಕೈ ಬಿಡದೆ, ಅವಳೆತ್ತರಕ್ಕೆ ಮಂಡಿಯೂರಿದೆ. ಸದ್ದು ಕೇಳಿಸಿತು, ಗೋಡೆ ನಡುಗಿತು. ಕಣ್ಣ ಮುಂದೆ ಬರೀ ಸಿಮೆಂಟು.

"ಈಗ ಗೊತ್ತಾಯ್ತಾ?" ಎಂದಳು. ಥೇಟ್ ನಿನ್ನದೇ ದನಿ.