ಮಸ್ತಾನಸಾಬನ ಲಾಳಿ

೭-೩-೧೯೬೩, ಗುರುವಾರ

ಥೂ, ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ. ಊಟವೂ ಸೇರಲಿಲ್ಲ.

ಬೆಳಿಗ್ಗೆ ಹರಿಹರದಿಂದ ಹೊಸದಾಗಿ ಸೇರಿದ ನೇಕಾರರ ಮುಂದೆ ಮತ್ತೆ ನನ್ನ ಮ್ಯಾಂಚೆಸ್ಟರ್ ಪುರಾಣ ಬಿಚ್ಚಿದೆ. ಮಿಲ್ಲಿನವರು ತರಬೇತಿಗೆ ಕಳಿಸಿದ್ದ ಆ ಒಂದು ವರ್ಷ. ಮಂಜಿನಲ್ಲಿ ಕಲ್ಲುಹಾಸಿನ ಬೀದಿಯ ಮೇಲೆ ಟಕಟಕ ಎನ್ನುವ ಮರದ ಅಟ್ಟೆಯ ಬೂಟುಗಳು, ಹಳೇ ಪೇಪರಿನಲ್ಲಿ ಸುತ್ತಿಕೊಡುವ ಬಿಸಿಬಿಸಿ ಕರಿದ ಆಲೂಗಡ್ಡೆ, ಪಕ್ಕದ ಮಗ್ಗದ ಮುದುಕಿ ಎಲ್ಸಿ. ಅಲ್ಲಿ ಮಗ್ಗದಲ್ಲಿ ಅಡ್ಡನೂಲು ಒಯ್ಯುವ ಲಾಳಿಯ ಕಣ್ಣಿಗೆ, ಅಂದರೆ ಅದರ ಸಣ್ಣ ತೂತಿಗೆ, ಬಾಯಿಟ್ಟು, ಹೀರಿ, ನೂಲನ್ನು ಹೊರಗೆಳೆಯುತ್ತಿದ್ದರು. ಎಲ್ಸಿ ಹೀರಿ ಕೊಟ್ಟ ಲಾಳಿಗೇ ನಾನೂ ಬಾಯಿಡುತ್ತಿದ್ದೆ. "ಅಲ್ಲಿ ಎಂಜಲು ಗಿಂಜಲು ಏನಿಲ್ಲ, ದುಡಿಯೋರೆಲ್ಲ ಒಂದೇ" ಎಂದು ಎದೆಯುಬ್ಬಿಸಿ ಹೇಳಿದೆ.

ನಮ್ಮ ಹಿರಿಯ ನೇಕಾರ ಮಸ್ತಾನಸಾಬ್ ಕೇಳುತ್ತಾ ನಿಂತಿದ್ದ. ತನ್ನ ಲಾಳಿಗೆ ಬಾಯಿಟ್ಟು ನೂಲು ಹೀರಿ ತೋರಿಸಿ, ಅದನ್ನು ನನ್ನ ಕೈಗೆ ಕೊಟ್ಟ.

"ನೀವೂ ಒಂದ್ಸಲ ತೋರಿಸ್ರಿ ಸಾಹೇಬ್ರ, ಇವ್ರೂ ನೋಡ್ಲಿ."

ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಕರವಸ್ತ್ರ ತೆಗೆದು ಲಾಳಿಯ ಕಣ್ಣನ್ನು ಒರೆಸಿದೆ. ಒಂದು ಸಲವಲ್ಲ, ಎರಡು ಸಲ.

ಅವನು ಸಿಟ್ಟಾಗಲಿಲ್ಲ. "ಆ ಎಲ್ಸಮ್ಮಂದೂ ಹಿಂಗೇ ಒರೆಸ್ತಿದ್ರೇನ್ರಿ?" ಎಂದ, ಅಷ್ಟೆ. ಹೊಸಬರು ತಲೆ ತಗ್ಗಿಸಿದರು.

ಆ ಬಿಳಿ ಮುದುಕಿಯ ಉಗುಳನ್ನು ಒಂಬತ್ತು ವರ್ಷದಿಂದ ಸವಿನೆನಪು ಅಂತ ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ದಿನಾ ಜೊತೆಗೆ ದುಡಿಯುವವನದ್ದು ಮಾತ್ರ ಎಂಜಲು!

ನಾಳೆ ಎಲ್ಲರ ಮುಂದೆ ತಪ್ಪಾಯಿತು ಅನ್ನುತ್ತೇನೆ ಎಂದು ಬರೆಯಹೊರಟೆ. ಅಷ್ಟರಲ್ಲಿ ಕಣ್ಣು ಬಚ್ಚಲ ಕಡೆ ಹೋಯಿತು. ಒಗೆಯುವ ಬಟ್ಟೆಗಳ ರಾಶಿಯಿಂದ ದೂರ, ಮೂಲೆಯಲ್ಲಿ, ಆ ಕರವಸ್ತ್ರವನ್ನು ಸಂಜೆ ನಾನೇ ಬೇರೆಯಾಗಿ ಬಿಸಾಡಿದ್ದೇನೆ.